ಕೇರಿಯಿಂದ ಬಡಾವಣೆಗೆ: ಊರು ಬಿಟ್ಟವರು ನೆಲೆ ಆರಿಸಿದ ಬಗೆ

ಮನುಷ್ಯ ಊರು ಬಿಡುವುದಕ್ಕೆ ಕಾರಣಗಳು ನೂರು. ಆದರೆ ಹೊಸ ಊರನ್ನು ಹೊಕ್ಕ ದಿನ ಅವನೆದುರು ನಿಲ್ಲುವ ಪ್ರಶ್ನೆ ಒಂದೇ: ಯಾವ ಕೇರಿಯಲ್ಲಿ ಇರಬೇಕು? ಕೂಲಿ, ಸಂಬಳ, ನೀರು, ಶಾಲೆ, ನೆರೆಹೊರೆ, ಮಕ್ಕಳ ನುಡಿ ಎಲ್ಲವೂ ಈ ಒಂದು ಪ್ರಶ್ನೆಯ ಉತ್ತರಕ್ಕೆ ಗಂಟುಬಿದ್ದಿವೆ. ಪಠ್ಯಪುಸ್ತಕಗಳಲ್ಲಿ ಅರಸರ ವಂಶಾವಳಿಗೆ ಇರುವ ಜಾಗ, ಸಾಮಾನ್ಯ ಸಂಸಾರಗಳು ನೆಲೆ ಹುಡುಕಿದ ಚರಿತ್ರೆಗೆ ಇಲ್ಲ. ಇಂದು ಬೆಟ್ಟದ ಮೇಲಿನ ಪ್ರತಿ ಬೀದಿಯಿಂದಲೂ ಯಾರಾದರೊಬ್ಬರು ಮೈಸೂರಿಗೋ ಬೆಂಗಳೂರಿಗೋ ತಿರುಪ್ಪೂರಿಗೋ ಕೊಯಮತ್ತೂರಿಗೋ ಹೋಗಿ ನೆಲೆಸಿರುವಾಗ, ಆ ಚರಿತ್ರೆಯನ್ನು ಒಮ್ಮೆ ತೆರೆದು ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ನಮ್ಮ ತಿಗನಾರೆ ಇರುವುದು ತಾಳವಾಡಿಯ ಬೆಟ್ಟಸೀಮೆಯಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು; ನಮ್ಮ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಪೆರಿಯಾರ್ ಜಿಲ್ಲೆಯೇ ಈಗಿನ ಈರೋಡು ಜಿಲ್ಲೆ. 2016ರಲ್ಲಿ ತಾಳವಾಡಿ ಪ್ರತ್ಯೇಕ ತಾಲ್ಲೂಕಾಯಿತು. ಹೀಗೆ ಕಾಗದಪತ್ರಗಳಿಗೆ ನಾವು ದಕ್ಷಿಣಕ್ಕೆ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಹೋಗಬೇಕು. ಸಂತೆ, ಆಸ್ಪತ್ರೆ, ನೆಂಟಸ್ತನಗಳಿಗೆ ಉತ್ತರಕ್ಕೆ, ಚಾಮರಾಜನಗರದ ಸಮನೆಲದ ದಾರಿಯಲ್ಲಿ ಹೋಗುತ್ತೇವೆ. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೂ ನಿರ್ಬಂಧ ಬಂದಿದೆ. ನೆಲೆಯ ಆಯ್ಕೆ ಎಂಬುದು ನಮ್ಮ ಪಾಲಿಗೆ ಮೊದಲು ದಿಕ್ಕಿನ ಆಯ್ಕೆ, ಆಮೇಲೆ ಊರಿನ ಆಯ್ಕೆ, ಕೊನೆಗೆ ಕೇರಿಯ ಆಯ್ಕೆ.

ಕನ್ನಡದಲ್ಲಿ ವಾಸದ ನೆಲೆಗೆ ಇರುವ ಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಚರಿತ್ರೆಯೇ ಮಾತನಾಡುತ್ತದೆ: ಕೇರಿ, ಅಗ್ರಹಾರ, ಪೇಟೆ, ಮೊಹಲ್ಲಾ, ಬಡಾವಣೆ, ನಗರ, ಲೇಔಟು. ಮೊದಲಿನ ಪದಗಳ ಕಾಲದಲ್ಲಿ ಮನುಷ್ಯ ಕೇರಿಯನ್ನು ಆರಿಸಲಿಲ್ಲ. ಕೇರಿಯೇ ಮನುಷ್ಯನನ್ನು ಆರಿಸಿತು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರಿನ ಪೇಟೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ, ತಿಗಳರಪೇಟೆ ಇವೆಲ್ಲ ಒಂದೊಂದು ಸರಕಿನ, ಒಂದೊಂದು ಕಸುಬಿನ, ಒಂದೊಂದು ಕುಲದ ಗುರುತುಗಳು. ಹೊರಗಿನಿಂದ ಬಂದ ಕುಂಬಾರನಿಗೆ ಎಲ್ಲಿ ಇಳಿಯಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ತನ್ನವರ ಜಗಲಿಯಲ್ಲಿ ಮಲಗಿ, ತನ್ನವರ ಆವಿಗೆಯಲ್ಲಿ ಮಡಕೆ ಸುಟ್ಟು ಬದುಕು ಹೂಡುತ್ತಿದ್ದನು. ಕೊಯಮತ್ತೂರಿನಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರು ಒಟ್ಟಾಗಿ ನೆಲೆಸಿದ್ದೂ ಇದೇ ಬಗೆಯಲ್ಲಿ. ಮಗ್ಗಗಳು ಒಂದೆಡೆ ಇದ್ದುದರಿಂದ ಮಾತೂ ಒಂದೆಡೆ ಉಳಿಯಿತು.

ಈ ಆಸರೆಗೆ ಇನ್ನೊಂದು ಮುಖವಿತ್ತೆಂಬುದನ್ನು ಮರೆಯುವಂತಿಲ್ಲ. ತನ್ನವರ ಕೇರಿಯಲ್ಲದೆ ಬೇರೆಲ್ಲಿಯೂ ಕಾಲಿಡಲಾಗದವರಿಗೆ ಅದು ಆಸರೆಯಲ್ಲ, ಬೇಲಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು 1917ರಲ್ಲಿ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ, ಆ ದೊಡ್ಡ ಪಟ್ಟಣದಲ್ಲಿ ತಲೆಯ ಮೇಲೊಂದು ಸೂರು ದೊರೆಯಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಇಳಿದುಕೊಂಡವರನ್ನು ಜಾತಿ ತಿಳಿದೊಡನೆ ದೊಣ್ಣೆ ಹಿಡಿದು ಬಂದವರು ಹೊರಡಿಸಿದರು. ಅಷ್ಟು ಓದಿದವರಿಗೂ ಕೇರಿಯ ಆಯ್ಕೆ ಇರಲಿಲ್ಲವೆಂದ ಮೇಲೆ, ನಮ್ಮ ಸೀಮೆಯ ಕೂಲಿಯವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನೀವು ಯಾವ ಜನ?’ ಎಂದು ಮನೆಯ ಮಾಲೀಕರು ಕೇಳುವ ಪ್ರಶ್ನೆ ಇಂದಿಗೂ ಸತ್ತಿಲ್ಲ; ಧ್ವನಿ ಮಾತ್ರ ಮೆದುವಾಗಿದೆ.

ಪೇಟೆಯ ಕಾಲವನ್ನು ಮುರಿದು ಬಡಾವಣೆಯ ಕಾಲವನ್ನು ತಂದದ್ದು ಯಾವ ಅರಸನ ಆಜ್ಞೆಯೂ ಅಲ್ಲ, ಒಂದು ರೋಗ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಗಲ್ಲಿಗಳು ಮೃತ್ಯುವಿನ ಮನೆಗಳೆಂಬ ಅರಿವು ಆಗ ಆಳುವವರಿಗೂ ಉಂಟಾಯಿತು. 1892ರ ಸುಮಾರಿಗೇ ಚಾಮರಾಜಪೇಟೆ ನೇರ ಬೀದಿಗಳೊಡನೆ ರೂಪುಗೊಂಡಿತ್ತು. ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಪ್ರದೇಶದಲ್ಲಿ ಫ್ರೇಜರ್ ಟೌನ್ ತಲೆಯೆತ್ತಿತು. ಅಗಲವಾದ ರಸ್ತೆ, ಮನೆಯ ಹಿಂದೆ ಓಣಿ, ಸುತ್ತ ಬಯಲು, ಉದ್ಯಾನ ಇವು ಹೊಸ ನೆಲೆಯ ಲಕ್ಷಣಗಳಾದವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಮುಂತಾದ ಬಡಾವಣೆಗಳು ಒಂದರ ಹಿಂದೊಂದು ಬೆಳೆದವು. ನಿವೇಶನಗಳ ಹಂಚಿಕೆಯಲ್ಲಿ ಜಾತಿಯ ಲೆಕ್ಕ ಪೂರ್ತಿ ಹೋಗಲಿಲ್ಲ. ಹೊಸ ಬಡಾವಣೆಗಳಲ್ಲಿಯೂ ಇಂಥವರಿಗೆ ಇಂಥ ಭಾಗವೆಂಬ ಗೆರೆಗಳಿದ್ದವು. ಆದರೂ ಹಣ ಕಟ್ಟಿ ನಿವೇಶನ ಪಡೆಯುವ ಪದ್ಧತಿಯಿಂದ ‘ಆಯ್ಕೆ’ ಎಂಬ ಪದಕ್ಕೆ ಮೊದಲ ಬಾರಿ ಅರ್ಥ ಬಂದಿತು.

ಇದೇ ಪ್ಲೇಗಿನ ಫಲವಾಗಿ 1898ರಲ್ಲಿ ಮುಂಬಯಿಯಲ್ಲಿಯೂ ಸುಧಾರಣಾ ಮಂಡಳಿ ಹುಟ್ಟಿ, ದಾದರ, ಮಾಟುಂಗಾ, ಸಾಯನ್ ಭಾಗಗಳಲ್ಲಿ ಹೊಸ ವಸತಿಗಳನ್ನು ಮಾಡಿತು. ದಕ್ಷಿಣದಿಂದ ಹೋದ ಗುಮಾಸ್ತರೂ ಹೋಟೆಲಿನವರೂ ಮಾಟುಂಗಾವನ್ನು ತಮ್ಮ ನೆಲೆ ಮಾಡಿಕೊಂಡರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಂದಿಗೂ ಅಲ್ಲಿ ನಾಟಕ, ಉಪನ್ಯಾಸಗಳನ್ನು ನಡೆಸುತ್ತ ಬಂದಿದೆ. ಸಂಜೆ ಕೆಲಸ ಮುಗಿಸಿ ನಡೆದು ಬರುವಷ್ಟು ಹತ್ತಿರದಲ್ಲಿ ಸದಸ್ಯರಿದ್ದರೆ ಸಂಘ ಬಾಳುತ್ತದೆ. ಎರಡು ಬಸ್ಸು ಬದಲಿಸಿ ಬರಬೇಕಾದರೆ ರಾಜ್ಯೋತ್ಸವಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿ ನಮ್ಮ ಸದಸ್ಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ.

ನಮ್ಮ ಬೆಟ್ಟಸೀಮೆಗೆ ಬಂದರೆ, ನೆಲೆಯನ್ನು ನಿರ್ಣಯಿಸಿದ್ದು ಮೂರು ಸಂಗತಿಗಳು: ರಸ್ತೆ, ಹಾಸ್ಟೆಲು, ಕಾರ್ಖಾನೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ರೈಲು 1926ರಲ್ಲಿ ಚಾಮರಾಜನಗರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಸತ್ಯಮಂಗಲದ ಕಡೆಗೆ ಹಳಿ ಬೀಳಲೇ ಇಲ್ಲ. ಆದ್ದರಿಂದ ಓದುವ ಹುಡುಗರು ಉತ್ತರಕ್ಕೆ ಹೋದರು. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ವಿದ್ಯಾರ್ಥಿನಿಲಯ ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯಗಳನ್ನು ಕೊಟ್ಟಿತು. ಹಾಸ್ಟೆಲಿನಲ್ಲಿ ಓದಿ ನೌಕರಿ ಹಿಡಿದವನು ಅದೇ ಸುತ್ತಮುತ್ತ ಬಾಡಿಗೆ ಮನೆ ಹಿಡಿದನು. ಅವನ ನಡುಮನೆಯಲ್ಲಿ ತಮ್ಮ, ತಂಗಿಯ ಮಗ, ಬೀದಿಯ ಹುಡುಗ ಚಾಪೆ ಹಾಸಿದರು. ಊರಿನ ಬಸ್ಸು ಯಾವ ರಸ್ತೆಯಿಂದ ಪಟ್ಟಣವನ್ನು ಹೊಗುತ್ತದೋ ಆ ರಸ್ತೆಯ ಬದಿಗೇ ಊರಿನವರು ನೆಲೆಸಿದರು. ಮೈಸೂರಿನ ನಂಜನಗೂಡು ರಸ್ತೆಯ ಕಡೆ ಚಾಮರಾಜನಗರ ಸೀಮೆಯ ಮಾತು ಕಿವಿಗೆ ಬೀಳುವುದು ಇದರಿಂದಲೇ.

ಕೂಲಿಗೆ ಹೋದವರ ದಾರಿ ಬೇರೆ. ಕೊಯಮತ್ತೂರಿನಲ್ಲಿ 1888ರಲ್ಲಿಯೇ ನೂಲಿನ ಗಿರಣಿ ಶುರುವಾಗಿತ್ತು. 1932ರಲ್ಲಿ ನೀಲಗಿರಿಯ ಪೈಕಾರದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಇಂದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ನಮ್ಮ ಹುಡುಗ ಹುಡುಗಿಯರನ್ನು ಕರೆಯುತ್ತಿವೆ. ಬೆಂಗಳೂರಿನಲ್ಲಿ 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್.ಗಳು ಕಾರ್ಮಿಕರಿಗೆ ಕಾಲೊನಿಗಳನ್ನೇ ಕಟ್ಟಿದವು. ಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು ಒಂದೇ ಆವರಣದಲ್ಲಿದ್ದ ಆ ಕಾಲೊನಿಯ ಭಾಗ್ಯ ಇಂದಿನ ಗುತ್ತಿಗೆ ನೌಕರನಿಗಿಲ್ಲ. ಅವನು ಎಂಟು ಜನರೊಡನೆ ಒಂದು ಕೋಣೆಯಲ್ಲಿರುತ್ತಾನೆ. ನೆಲೆಯನ್ನು ಆರಿಸುವ ಮಾತು ಹಾಗಿರಲಿ, ಮಲಗುವ ಸರದಿಯನ್ನು ಆರಿಸುವುದೂ ಅವನ ಕೈಯಲ್ಲಿಲ್ಲ.

ಹೆಸರಾಂತ ವಲಸಿಗರನ್ನೂ ನೋಡೋಣ. ಮಲೆನಾಡಿನ ಕುಪ್ಪಳಿಯಿಂದ ಬಂದ ಕುವೆಂಪು ಅವರು ಮೈಸೂರಿನ ಅಂಚಿನಲ್ಲಿದ್ದ ಒಂಟಿಕೊಪ್ಪಲಿನಲ್ಲಿ ‘ಉದಯರವಿ’ಯನ್ನು ಕಟ್ಟಿದರು. ಮದರಾಸಿನಲ್ಲಿ ಹುಟ್ಟಿದ ಆರ್. ಕೆ. ನಾರಾಯಣ್ ಅವರು ಯಾದವಗಿರಿಯ ಏರಿನಲ್ಲಿ ಮನೆ ಮಾಡಿದರು. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಅವರು ಗುಬ್ಬಿ ವೀರಣ್ಣನವರ ಕಂಪನಿಯ ಜೊತೆ ಊರೂರು ಅಲೆದು, ಚಿತ್ರೋದ್ಯಮ ಮದರಾಸಿನಲ್ಲಿದ್ದಷ್ಟು ಕಾಲ ಅಲ್ಲಿದ್ದು, ಉದ್ಯಮ ಕರ್ನಾಟಕಕ್ಕೆ ಬಂದಾಗ ಬೆಂಗಳೂರಿನ ಸದಾಶಿವನಗರದಲ್ಲಿ ನೆಲೆಸಿದರು. ಅಷ್ಟು ಎತ್ತರಕ್ಕೆ ಬೆಳೆದರೂ ಗಾಜನೂರಿನ ಮನೆಗೆ, ಹೊಲಕ್ಕೆ ಬರುವುದನ್ನು ಅವರು ಬಿಡಲಿಲ್ಲ. ಹೊಸ ನೆಲೆಯನ್ನು ಹಿಡಿಯುವುದೆಂದರೆ ಹಳೆಯದನ್ನು ಕಡಿದುಹಾಕುವುದಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

1945ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ರಾಜಾಜಿನಗರ, ಜಯನಗರಗಳಂಥ ಯೋಜಿತ ಬಡಾವಣೆಗಳು ಬೆಳೆದವು. ಪಟ್ಟಣದ ಹಸಿವು ಯೋಜನೆಯನ್ನು ಮೀರಿದಾಗ ರೆವಿನ್ಯೂ ಸೈಟುಗಳೂ ‘ಬಿ’ ಖಾತೆಗಳೂ ಹುಟ್ಟಿದವು. 2007ರಲ್ಲಿ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರಿದವು. ಅವುಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಮನೆ ಮಾಡಿದವರು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿದರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆಯ ಬೆಲೆಬಾಳುವ ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರಿನಲ್ಲಿ ನೀರು ತನ್ನ ಹಳೆಯ ವಿಳಾಸವನ್ನು ಮರೆತಿಲ್ಲ. ಹೊಲ ಕೊಳ್ಳುವಾಗ ಹಳ್ಳ ಎತ್ತ ಹರಿಯುತ್ತದೆ, ಆನೆ ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ವಿಚಾರಿಸುವ ಬೆಟ್ಟದ ರೈತ, ಪಟ್ಟಣದಲ್ಲಿ ಸೈಟು ಕೊಳ್ಳುವಾಗ ಬಣ್ಣದ ಹಾಳೆಯನ್ನು ಮಾತ್ರ ನೋಡಿ ಮುಂಗಡ ಕೊಡುವುದುಂಟು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಬೆಟ್ಟದವರಿಗೇ ಮರೆತುಹೋಗಬಾರದು.

ಮುಖ್ಯೋಪಾಧ್ಯಾಯರಾಗಿದ್ದಾಗ ವರ್ಗಾವಣೆ ಪತ್ರಕ್ಕೆ ಬಂದ ತಂದೆತಾಯಿಗಳನ್ನು ನಾವು ಎರಡು ಮಾತು ಕೇಳುತ್ತಿದ್ದೆವು: ಮಗು ಅಲ್ಲಿ ಯಾವ ಶಾಲೆಗೆ ನಡೆದು ಹೋಗುತ್ತದೆ? ಸಂಜೆ ಯಾರ ಮಕ್ಕಳೊಡನೆ ಆಡುತ್ತದೆ? ಬಾಡಿಗೆಯ ಮೊತ್ತ ಎಲ್ಲರಿಗೂ ಗೊತ್ತಿರುತ್ತಿತ್ತು. ಈ ಎರಡಕ್ಕೆ ಉತ್ತರ ತಿಳಿದವರು ಕಡಿಮೆ. ಮಗುವಿನ ನುಡಿ ತಯಾರಾಗುವುದು ಅಡುಗೆಮನೆಯಲ್ಲಿ ಅರ್ಧ, ಆಟದ ಬಯಲಿನಲ್ಲಿ ಅರ್ಧ. ತಮಿಳುನಾಡಿನಲ್ಲಿ 2006ರ ಕಾಯ್ದೆಯ ಮೇರೆಗೆ ತಮಿಳು ಕಲಿಕೆ ಕಡ್ಡಾಯವಾಗಿದೆ. ನೆರೆಯ ನುಡಿಯನ್ನು ಕಲಿಯುವುದು ನಮಗೆ ಭಾರವಲ್ಲ, ಗಡಿಯವರಿಗೆ ಎರಡು ನುಡಿ ಎರಡು ಕಣ್ಣು. ಆದರೆ ಒಂದು ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದು ಹೆತ್ತವರ ಹೊಣೆ. ತಿರುಪ್ಪೂರಿನಲ್ಲಿ ಮಾತ್ರವಲ್ಲ, ಬೆಂಗಳೂರಿನ ಎಷ್ಟೋ ವಸತಿ ಸಮುಚ್ಚಯಗಳಲ್ಲಿಯೂ ದಿನವೆಲ್ಲ ಕನ್ನಡದ ಒಂದು ಮಾತು ಕೇಳದೆ ಮಗು ಬೆಳೆಯಬಹುದು.

ಆದ್ದರಿಂದ ಹೊರಡುವವರಿಗೆ ನಮ್ಮ ಹಿತವಚನ ಇಷ್ಟು. ಮುಂಗಡ ಕೊಡುವ ಮುನ್ನ ಕೇರಿಯನ್ನು ಮೂರು ಹೊತ್ತಿನಲ್ಲಿ ನೋಡಿರಿ: ನಲ್ಲಿಗೆ ನೀರು ಬರುವ ಬೆಳಗ್ಗೆ, ಶಾಲೆ ಬಿಡುವ ಸಂಜೆ, ಬೀದಿದೀಪ ಹತ್ತಿದ ರಾತ್ರಿ. ಸಾಧ್ಯವಾದರೆ ಒಂದು ದೊಡ್ಡ ಮಳೆ ಬಂದ ಮರುದಿನ ನೋಡಿರಿ. ಪತ್ರಗಳನ್ನು ತಿಳಿದವರಿಗೆ ತೋರಿಸಿರಿ. ಊರಿನವರು ಇಬ್ಬರಾದರೂ ನಡೆದು ತಲುಪುವಷ್ಟು ದೂರದಲ್ಲಿರಲಿ. ಹಾಗೆಂದು ನಮ್ಮವರೇ ಇರುವ ಬೇಲಿಯೊಳಗೆ ಮುದುಡಬೇಡಿರಿ. ಕೇರಿಯ ಆಸರೆಯನ್ನು ಉಳಿಸಿಕೊಂಡು ಅದರ ಬೇಲಿಯನ್ನು ಕಿತ್ತೊಗೆಯುವುದು ಪ್ಲೇಗಿನ ಕಾಲದ ಹಿರಿಯರಿಗೆ ಪೂರ್ತಿ ಸಾಧ್ಯವಾಗಲಿಲ್ಲ; ನಿಮಗೆ ಸಾಧ್ಯವಾಗಬೇಕು. ನೀವು ಮನೆ ಕಟ್ಟಿ ಬಾಡಿಗೆಗೆ ಕೊಡುವ ದಿನ ಬಂದಾಗ, ಬಾಗಿಲಿಗೆ ಬಂದವನ ಜಾತಿಯನ್ನು ಕೇಳದೆ, ಅವನ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿವೆ ಎಂದು ಕೇಳಿರಿ.