ನೈಲ್ ತೀರದ ಜನವೂ ಪರಪ್ರಭುತ್ವದ ಋಣವೂ

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಹುಟ್ಟುವನೆಂಬುದು ಪ್ರಾಚೀನರ ಮತವು. ಹತ್ತೊಂಬತ್ತನೆಯ ಶತಮಾನದ ಈಜಿಪ್ಟು ದೇಶದ ಒಕ್ಕಲಿಗನಾದರೋ ಇವುಗಳ ಮೇಲೆ ನಾಲ್ಕನೆಯದೊಂದು ಋಣವನ್ನೂ ಹೊತ್ತು ಹುಟ್ಟುತ್ತಿದ್ದನು. ಅದನ್ನು ಅವನು ಮಾಡಿರಲಿಲ್ಲ, ಅವನ ತಂದೆಯೂ ಮಾಡಿರಲಿಲ್ಲ. ಅವನ ದೊರೆಯು ಲಂಡನ್, ಪ್ಯಾರಿಸ್ ನಗರಗಳ ಸಾಹುಕಾರರಲ್ಲಿ ಮಾಡಿದ ಸಾಲವದು. ಸಾಲದ ಪತ್ರಕ್ಕೆ ಸಹಿ ಹಾಕಿದವನೊಬ್ಬ, ತೀರಿಸಿದವನೊಬ್ಬ. ಆಧುನಿಕ ಈಜಿಪ್ಟಿನ ಚರಿತ್ರೆಯ ಮರ್ಮವು ಇದರಲ್ಲಿಯೇ ಅಡಗಿದೆ.

ಕ್ರಿ. ಪೂ. 343 ರಲ್ಲಿ ಪಾರಸಿಕರು ನೈಲ್ ನದಿಯ ನಾಡನ್ನು ಎರಡನೆಯ ಬಾರಿಗೆ ಗೆದ್ದಂದಿನಿಂದ ಕ್ರಿ. ಶ. 1952 ರ ಪರ್ಯಂತ, ಎಂದರೆ ಸುಮಾರು 2,300 ವರ್ಷಗಳ ಕಾಲ, ಆ ಇಡಿಯ ದೇಶವನ್ನು ಆಳಿದವರು ಹೊರಗಿನಿಂದ ಬಂದವರು, ಇಲ್ಲವೆ ಹಾಗೆ ಬಂದವರ ಸಂತತಿಯವರು. ಯವನರು, ರೋಮಕರು, ಅರಬರು, ಮಾಮ್ಲೂಕರು, 1517 ರಲ್ಲಿ ತುರುಕರು, ಹೀಗೆ ಒಬ್ಬರ ತರುವಾಯ ಒಬ್ಬರು ಬಂದರು. ಈ ನಡುವೆ ಜನರ ಭಾಷೆಯೂ ಬದಲಾಯಿತು, ಬಹುಪಾಲು ಜನರ ಮತವೂ ಬದಲಾಯಿತು. ಆದರೆ ಫೆಲ್ಲಾ ಎಂದು ಕರೆಯಲ್ಪಡುವ ಒಕ್ಕಲಿಗನ ಬಾಳು ಹೆಚ್ಚಾಗಿ ಬದಲಾಗಲಿಲ್ಲ. ವರ್ಷಕ್ಕೊಮ್ಮೆ ನದಿಯು ಉಕ್ಕಿ ಹೊಲಗಳಿಗೆ ಮೆಕ್ಕಲು ಮಣ್ಣನ್ನು ತಂದು ಹಾಸುವುದು. ನೀರಿಳಿದ ಮೇಲೆ ಅವನು ಬಿತ್ತುವುದು. ಬೆಳೆದುದರಲ್ಲಿ ದೊಡ್ಡ ಪಾಲನ್ನು ಕಂದಾಯವಾಗಿ ಅಳೆದುಕೊಡುವುದು. ಇದೇ ಅವನಿಗೆ ತಿಳಿದಿದ್ದ ರಾಜನೀತಿ.

1798 ರಲ್ಲಿ ನೆಪೋಲಿಯನ್ನನು ದಂಡೆತ್ತಿ ಬಂದನು. ಫ್ರೆಂಚರು ಮೂರು ವರ್ಷಗಳಲ್ಲಿ ಹಿಂದಿರುಗಿದರೂ ಹಳೆಯ ವ್ಯವಸ್ಥೆಯು ಮತ್ತೆ ನೆಲೆಗೊಳ್ಳಲಿಲ್ಲ. 1805 ರಲ್ಲಿ ತುರ್ಕಿ ಸುಲ್ತಾನನ ಪರವಾಗಿ ಅಧಿಪತಿಯಾದ ಮಹಮ್ಮದ್ ಅಲಿಯು ಉದ್ದನೆಯ ಎಳೆಯ ಹತ್ತಿಯನ್ನು ಬೆಳೆಯಿಸಿದನು. ಬೆಳೆಯ ಕ್ರಯವಿಕ್ರಯವನ್ನೆಲ್ಲ ಸರಕಾರದ ಕೈಗೆ ತೆಗೆದುಕೊಂಡನು. ಒಕ್ಕಲಮಕ್ಕಳನ್ನು ಸೈನ್ಯಕ್ಕೆ ಹಿಡಿತರಿಸಿದನು. ಸೈನ್ಯವನ್ನು ತಪ್ಪಿಸಿಕೊಳ್ಳಲೆಂದು ತಮ್ಮ ಬೆರಳನ್ನು ತಾವೇ ಕಡಿದುಕೊಂಡವರೂ ಕಣ್ಣನ್ನು ಕೆಡಿಸಿಕೊಂಡವರೂ ಇದ್ದರು. ಆದರೆ ಅದೇ ಅರಸನು ಬೂಲಾಕಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದನು. 1826 ರಲ್ಲಿ ತರುಣರನ್ನು ವಿದ್ಯಾರ್ಜನೆಗಾಗಿ ಪ್ಯಾರಿಸಿಗೆ ಕಳುಹಿಸಿದನು. ಅವರೊಡನೆ ಹೋದ ರಿಫಾ ಅಲ್ ತಹ್ತಾವಿಯು ಹಿಂದಿರುಗಿ ಬಂದು, ಪಾಶ್ಚಾತ್ಯ ಗ್ರಂಥಗಳನ್ನು ಅರಬ್ಬಿಗೆ ತರುವ ಪಂಡಿತಮಂಡಲಿಯೊಂದನ್ನು ಬೆಳೆಸಿದನು. ಬಲಾತ್ಕಾರವೂ ವಿದ್ಯೆಯೂ ಹೀಗೆ ಒಂದೇ ಬಾಗಿಲಿನಿಂದ ಹಳ್ಳಿಯನ್ನು ಹೊಕ್ಕುವು.

ಅವನ ಮಗನಾದ ಸಯೀದನು 1854 ರಲ್ಲಿ ಸೂಯೆಜ್ ಕಾಲುವೆಯನ್ನು ತೋಡುವ ಹಕ್ಕನ್ನು ಲೆಸೆಪ್ಸ್ ಎಂಬ ಫ್ರೆಂಚನಿಗೆ ಕೊಟ್ಟನು. ಅಗೆಯುವ ಕೆಲಸಕ್ಕೆ ತಿಂಗಳು ತಿಂಗಳಿಗೆ ಸಾವಿರಾರು ಒಕ್ಕಲಿಗರು ಬಲವಂತದ ದುಡಿಮೆಗೆ ಹೋಗಬೇಕಾಯಿತು. ತರುವಾಯ ಬಂದ ಇಸ್ಮಾಯಿಲನು ಈ ಆಳುಗಳನ್ನು ಹಿಂದಕ್ಕೆ ಕರೆಯಲು ಬಯಸಿದಾಗ ವಿವಾದವು ಫ್ರಾನ್ಸಿನ ಚಕ್ರವರ್ತಿಯ ಪಂಚಾಯಿತಿಗೆ ಹೋಯಿತು. 1864 ರ ಆ ತೀರ್ಪಿನ ಮೇರೆಗೆ, ಆಳುಗಳನ್ನು ಬಿಡಿಸಿಕೊಂಡುದಕ್ಕಾಗಿಯೂ ಕಂಪೆನಿಗೆ ಕೊಟ್ಟಿದ್ದ ನೆಲ ಮೊದಲಾದುವನ್ನು ಮರಳಿ ಪಡೆದುದಕ್ಕಾಗಿಯೂ ಈಜಿಪ್ಟು 8 ಕೋಟಿ 40 ಲಕ್ಷ ಫ್ರಾಂಕುಗಳನ್ನು ಕಂಪೆನಿಗೆ ತೆರಬೇಕಾಯಿತು. ತನ್ನ ಪ್ರಜೆಯನ್ನು ತನ್ನ ಹೊಲಕ್ಕೆ ಹಿಂದೆ ಕಳುಹಿಸುವುದಕ್ಕೆ ದೇಶವು ದಂಡವನ್ನು ಕೊಟ್ಟಿತು!

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆಯು ಏರಿ, ಇಸ್ಮಾಯಿಲನ ಕೈಯಲ್ಲಿ ಹಣವು ಆಡಿತು. 1865 ರಲ್ಲಿ ಯುದ್ಧವು ಮುಗಿದು ಬೆಲೆಯು ಇಳಿಯಿತು. ವೆಚ್ಚವು ಮಾತ್ರ ಇಳಿಯಲಿಲ್ಲ. ರೈಲು ದಾರಿ, ಕಾಲುವೆಗಳು, ಪಾಠಶಾಲೆಗಳು, ಅರಮನೆಗಳು, 1869 ರ ಕಾಲುವೆಯ ಉತ್ಸವ, ಎಲ್ಲಕ್ಕೂ ಸಾಲವೇ ಆಧಾರವಾಯಿತು. 1875 ರಲ್ಲಿ ಅವನು ಕಾಲುವೆಯ 1,76,602 ಪಾಲುಗಳನ್ನು ಸುಮಾರು 40 ಲಕ್ಷ ಪೌಂಡುಗಳಿಗೆ ಆಂಗ್ಲ ಸರಕಾರಕ್ಕೆ ಮಾರಿದನು. ಮರುವರ್ಷವೇ ದೇಶವು ದಿವಾಳಿಯಾಯಿತು. ಆಗ ಸಾಲವು ಸುಮಾರು 9 ಕೋಟಿ ಪೌಂಡುಗಳಷ್ಟಿದ್ದಿತು. ಐರೋಪ್ಯ ಅಧಿಕಾರಿಗಳು ಬಂದು ಬೊಕ್ಕಸದಲ್ಲಿ ಕುಳಿತು ಬಡ್ಡಿಯನ್ನು ಮೊದಲು ಎಣಿಸಿಕೊಳ್ಳಲು ತೊಡಗಿದರು. 1879 ರಲ್ಲಿ ಇಸ್ಮಾಯಿಲನೇ ಪದಚ್ಯುತನಾದನು. ಸಾಲವು ಉಳಿಯಿತು.

ಈ ಸಂಕಟದಲ್ಲಿ ಹಳ್ಳಿಯ ಮಗನೊಬ್ಬನು ಮೊದಲ ಬಾರಿಗೆ ಅರಮನೆಯ ಮುಂದೆ ನಿಂತು ಮಾತನಾಡಿದನು. ಅವನೇ ಕರ್ನಲ್ ಅಹಮದ್ ಉರಾಬಿ. ತುರುಕ ಸರದಾರರ ಮೇಲ್ಮೆಯಿಂದಲೂ ಪರದೇಶೀಯರ ಹಿಡಿತದಿಂದಲೂ ಬೇಸತ್ತ ಸೈನಿಕರೊಡನೆ ಅವನು 1881 ರ ಸೆಪ್ಟೆಂಬರಿನಲ್ಲಿ ಅಬ್ದೀನ್ ಅರಮನೆಯ ಮುಂದೆ ನಿಂತು ಪ್ರಜಾಪ್ರತಿನಿಧಿಗಳ ಸಭೆಯನ್ನು ಕೇಳಿದನು. ಉತ್ತರವು ಆಂಗ್ಲರ ನೌಕೆಗಳಿಂದ ಬಂದಿತು. 1882 ರ ಜುಲೈ 11 ರಂದು ಅಲೆಗ್ಸಾಂಡ್ರಿಯಾ ಪಟ್ಟಣದ ಮೇಲೆ ಗುಂಡಿನ ಮಳೆಗರೆಯಿತು. ಸೆಪ್ಟೆಂಬರ್ 13 ರಂದು ತೆಲ್ ಅಲ್ ಕೆಬೀರ್ ಎಂಬಲ್ಲಿ ಉರಾಬಿಯ ಸೈನ್ಯವು ಮುರಿಯಿತು. ಆ ದಂಡಯಾತ್ರೆಗೆ ಭಾರತದಿಂದಲೂ ಪಡೆಗಳು ಒಯ್ಯಲ್ಪಟ್ಟಿದ್ದುವು. ಒಂದು ಪರಾಧೀನ ದೇಶದ ಭುಜಬಲವು ಇನ್ನೊಂದು ದೇಶವನ್ನು ಕಟ್ಟಿಹಾಕಲು ಉಪಯೋಗಿಸಲ್ಪಟ್ಟಿತು. ಉರಾಬಿಯು ಸಿಂಹಳಕ್ಕೆ ಗಡೀಪಾರಾಗಿ, 1901 ರ ವರೆಗೆ ಅಲ್ಲಿ ಕಾಲ ಕಳೆದನು.

ಭಾರತದಲ್ಲಿ ಅರ್ಥಸಚಿವನಾಗಿದ್ದ ಬೇರಿಂಗ್ ಎಂಬವನು, ಮುಂದೆ ಲಾರ್ಡ್ ಕ್ರೋಮರನು, 1883 ರಿಂದ 1907 ರ ವರೆಗೆ ಕೈರೋವಿನಲ್ಲಿದ್ದು ನಿಜವಾದ ಆಳರಸನಾಗಿದ್ದನು. ಅವನ ಕಾಲದಲ್ಲಿ ಆದ ಒಳಿತನ್ನು ಮರೆಯುವುದು ನ್ಯಾಯವಲ್ಲ. ಕುರ್ಬಾಜ್ ಎಂಬ ಚಾವಟಿಯಿಂದ ಹೊಡೆದು ಕಂದಾಯವನ್ನು ಕೀಳುವ ಪದ್ಧತಿಯು ನಿಷೇಧಿಸಲ್ಪಟ್ಟಿತು, ಬಿಟ್ಟಿ ದುಡಿಮೆಯು ಬಹುಮಟ್ಟಿಗೆ ನಿಂತಿತು, ಲೆಕ್ಕಪತ್ರಗಳು ಸರಿಯಾದುವು, 1902 ರಲ್ಲಿ ಆಸ್ವಾನಿನ ಅಣೆಕಟ್ಟು ಮುಗಿಯಿತು. ಆದರೆ ಸಾಲಗಾರನ ಹಸುವನ್ನು ಚೆನ್ನಾಗಿ ಮೇಯಿಸುವ ಸಾಹುಕಾರನು ಹಾಲಿನ ಮೇಲೆ ಕಣ್ಣಿಟ್ಟಿರುತ್ತಾನೆ. ನೀರು ಹತ್ತಿಗಾಗಿ ಹರಿಯಿತು. ಹತ್ತಿಯು ಬಹಳಮಟ್ಟಿಗೆ ಲ್ಯಾಂಕಶೈರಿನ ಗಿರಣಿಗಳಿಗಾಗಿ ಬೆಳೆಯಿತು. 1914 ರ ಹೊತ್ತಿಗೆ ದೇಶದ ರಫ್ತಿನ ಬೆಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹತ್ತಿಯೊಂದರದೇ ಆಗಿದ್ದಿತು. ವರ್ಷವೆಲ್ಲ ನೀರು ನಿಂತು, ಬಸಿಗಾಲುವೆಗಳಿಲ್ಲದೆ ಎಷ್ಟೋ ನೆಲವು ಚೌಳಾಯಿತು. ನೀರಿನ ಬಸವನಹುಳುಗಳಿಂದ ಹರಡುವ ಬಿಲ್ಹಾರ್ಸಿಯಾ ರೋಗವು ಹಳ್ಳಿಗಳಲ್ಲಿ ಬೇರೂರಿತು. ವಿದ್ಯೆಗೆ ಬೊಕ್ಕಸದಿಂದ ದೊರೆತುದು ಅತ್ಯಲ್ಪ. 1908 ರಲ್ಲಿ ಕೈರೋವಿನಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು ಜನರ ದಾನದಿಂದ.

1906 ರ ಜೂನ್ 13 ರಂದು ದಿನ್‌ಶವಾಯ್ ಎಂಬ ಹಳ್ಳಿಯಲ್ಲಿ ಆಂಗ್ಲ ಅಧಿಕಾರಿಗಳು, ಒಕ್ಕಲಿಗರು ಸಾಕಿದ್ದ ಪಾರಿವಾಳಗಳನ್ನು ಬೇಟೆಯಾಡಲು ಬಂದರು. ಜಗಳವಾಯಿತು, ಹಳ್ಳಿಯ ಹೆಂಗಸೊಬ್ಬಳಿಗೆ ಗುಂಡು ತಾಗಿತು, ಗಾಯಗೊಂಡು ಬಿಸಿಲಿನಲ್ಲಿ ಓಡಿದ ಅಧಿಕಾರಿಯೊಬ್ಬನು ಸತ್ತನು. ವಿಶೇಷ ನ್ಯಾಯಸ್ಥಾನವು ಕೂಡಿ, ಹದಿನೈದು ದಿನಗಳೊಳಗಾಗಿ ನಾಲ್ವರನ್ನು ಅವರ ಹಳ್ಳಿಯಲ್ಲಿಯೇ, ಅವರ ಬಂಧುಗಳ ಕಣ್ಣೆದುರಿನಲ್ಲಿಯೇ ಗಲ್ಲಿಗೇರಿಸಿತು. ಹಲವರನ್ನು ಚಾವಟಿಯಿಂದ ಹೊಡೆಯಿಸಿತು. ಚಾವಟಿಯನ್ನು ನಿಲ್ಲಿಸಿದೆವೆಂದು ಹೇಳಿಕೊಳ್ಳುತ್ತಿದ್ದ ಆಡಳಿತವು ಅದನ್ನು ಮರಳಿ ಕೈಗೆತ್ತಿಕೊಂಡುದನ್ನು ದೇಶವೆಲ್ಲ ಕಂಡಿತು. ಆ ನ್ಯಾಯಸ್ಥಾನದಲ್ಲಿ ಈಜಿಪ್ಟಿನವರೂ ಕುಳಿತಿದ್ದರೆಂಬುದು ಮತ್ತಷ್ಟು ನೋವಿನ ಸಂಗತಿ. ಮುಸ್ತಾಫಾ ಕಾಮಿಲನೆಂಬ ತರುಣ ವಾಗ್ಮಿಯು ಈ ಅನ್ಯಾಯವನ್ನು ಯೂರೋಪಿನಲ್ಲೆಲ್ಲ ಸಾರಿದನು. ಪಟ್ಟಣದ ವಿದ್ಯಾವಂತನು ಹಳ್ಳಿಯ ಒಕ್ಕಲಿಗನ ಸಾವನ್ನು ತನ್ನ ಮನೆಯ ಸಾವೆಂದು ತಿಳಿದುದು ಆಗ.

1914 ರ ಡಿಸೆಂಬರಿನಲ್ಲಿ ಆಂಗ್ಲರು ಈಜಿಪ್ಟನ್ನು ತಮ್ಮ ರಕ್ಷಿತ ದೇಶವೆಂದು ಸಾರಿದರು. ಮಹಾಯುದ್ಧಕ್ಕಾಗಿ ಒಕ್ಕಲಿಗರನ್ನೂ, ಅವರ ಒಂಟೆ ಕತ್ತೆಗಳನ್ನೂ, ದವಸವನ್ನೂ ಸೆಳೆದೊಯ್ದರು. ಯುದ್ಧವು ಮುಗಿದೊಡನೆ, 1918 ರ ನವೆಂಬರ್ 13 ರಂದು, ಸಾದ್ ಜಗ್ಲೂಲನು ಇಬ್ಬರೊಡನೆ ಆಂಗ್ಲ ಹೈಕಮಿಷನರನ ಬಳಿಗೆ ಹೋಗಿ ಸ್ವಾತಂತ್ರ್ಯವನ್ನು ಕೇಳಿದನು. ನೀವು ಯಾರ ಪರವಾಗಿ ಮಾತನಾಡುವಿರಿ ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಉತ್ತರವಾಗಿ ಊರೂರುಗಳಲ್ಲಿ ಜನರ ಸಹಿಗಳನ್ನು ಕೂಡಿಸಿದರು. ಆ ಪತ್ರಗಳಿಗೆ ಅರಬ್ಬಿಯಲ್ಲಿರುವ ಹೆಸರು ನಮ್ಮ ಕೋರ್ಟುಗಳ ವಕೀಲ, ವಕಾಲತ್ತುಗಳ ಮೂಲಧಾತುವಿನಿಂದಲೇ ಬಂದುದು. ತಾವು ಬರೆಯದ ಸಾಲಪತ್ರಕ್ಕಾಗಿ ನಲವತ್ತು ವರ್ಷ ದುಡಿದ ಜನವು, ಇದೊಂದು ಪತ್ರಕ್ಕೆ ತಾನಾಗಿ ಸಹಿ ಹಾಕಿತು. 1919 ರ ಮಾರ್ಚಿನಲ್ಲಿ ಜಗ್ಲೂಲನನ್ನು ಮಾಲ್ಟಾಕ್ಕೆ ಗಡೀಪಾರು ಮಾಡಿದಾಗ ದೇಶವೇ ಎದ್ದಿತು. ಒಕ್ಕಲಿಗರು ರೈಲು ಹಳಿಗಳನ್ನು ಕಿತ್ತರು. ಪರದೆಯ ಸ್ತ್ರೀಯರು ಬೀದಿಗಿಳಿದರು. ಕಾಪ್ಟ್ ಕ್ರೈಸ್ತರ ಪಾದ್ರಿ ಸರ್ಗಿಯಸನು ಅಲ್ ಅಜ್ಹರ್ ಮಸೀದಿಯಲ್ಲಿ ನಿಂತು ಉಪನ್ಯಾಸ ಮಾಡಿದನು.

ಆದರೂ ಸ್ವಾತಂತ್ರ್ಯವು ಕಂತುಗಳಲ್ಲಿ ಬಂದಿತು. 1922 ರ ಫೆಬ್ರುವರಿ 28 ರ ಘೋಷಣೆಯು ದೇಶವನ್ನು ಸ್ವತಂತ್ರವೆಂದು ಕರೆದು, ಸಾಮ್ರಾಜ್ಯದ ಸಂಚಾರಮಾರ್ಗಗಳು, ರಕ್ಷಣೆ, ಪರದೇಶೀಯರ ಹಾಗೂ ಅಲ್ಪಸಂಖ್ಯಾತರ ಹಿತ, ಸೂಡಾನ್ ಎಂಬ ನಾಲ್ಕು ವಿಷಯಗಳನ್ನು ಆಂಗ್ಲರ ಕೈಯಲ್ಲಿಯೇ ಉಳಿಸಿತು. 1936 ರ ಒಪ್ಪಂದವು ದಂಡನ್ನು ಕಾಲುವೆಯ ಪ್ರದೇಶಕ್ಕೆ ಸರಿಸಿತು. ಆದರೆ 1942 ರ ಫೆಬ್ರುವರಿ 4 ರಂದು ಆಂಗ್ಲರ ಟ್ಯಾಂಕುಗಳು ಅರಮನೆಯನ್ನು ಸುತ್ತುಗಟ್ಟಿ, ತಮಗೆ ಬೇಕಾದ ಮಂತ್ರಿಯನ್ನು ಅರಸನಿಂದ ನೇಮಿಸಿಕೊಂಡುವು. ಈ ಕಾಲದಲ್ಲಿ ಗಟ್ಟಿಯಾಗಿ ನಿಂತ ಕೆಲಸವೊಂದುಂಟು. ತಲಾತ್ ಹರ್ಬನು 1920 ರಲ್ಲಿ ದೇಶೀಯರ ಬಂಡವಾಳದಿಂದಲೇ ಮಿಸ್ರ್ ಬ್ಯಾಂಕನ್ನು ತೆರೆದು, 1927 ರಲ್ಲಿ ಮಹಲ್ಲಾ ಪಟ್ಟಣದಲ್ಲಿ ಬಟ್ಟೆಯ ಗಿರಣಿಯ ಕಂಪೆನಿಯನ್ನು ಸ್ಥಾಪಿಸಿದನು. ಸಾಲದಿಂದ ಕಟ್ಟುವಡೆದ ದೇಶವು ತನ್ನ ಹಣದಿಂದ ತನ್ನ ಹತ್ತಿಯನ್ನು ತಾನೇ ನೂಲಲು ಕಲಿಯಿತು.

1952 ರ ಜುಲೈ 23 ರಂದು ಸೈನ್ಯದ ತರುಣ ಅಧಿಕಾರಿಗಳು ರಾಜ್ಯವನ್ನು ಕೈಗೆ ತೆಗೆದುಕೊಂಡರು. ಫಾರೂಕ್ ಅರಸನು ದೇಶವನ್ನು ಬಿಟ್ಟನು. ಆಗ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆಯಾದ ಭೂಮಾಲಿಕರ ಕೈಯಲ್ಲಿ ಸಾಗುವಳಿಯ ನೆಲದ ಮೂರನೆಯ ಒಂದು ಪಾಲಿದ್ದಿತು. ಅದೇ ಸೆಪ್ಟೆಂಬರಿನ ಕಾನೂನು ಒಬ್ಬನ ಹಿಡುವಳಿಗೆ 200 ಫೆದ್ದಾನುಗಳ ಮಿತಿಯನ್ನು ಹಾಕಿತು. ಒಂದು ಫೆದ್ದಾನು ಒಂದು ಎಕರೆಗಿಂತ ತುಸು ಹೆಚ್ಚು. 1956 ರ ಜೂನಿನಲ್ಲಿ ಆಂಗ್ಲರ ಕಡೆಯ ಸೈನಿಕನು ಹೊರಟನು. ಜುಲೈ 26 ರಂದು ನಾಸರನು ಕಾಲುವೆಯನ್ನು ರಾಷ್ಟ್ರದ ಸ್ವತ್ತೆಂದು ಸಾರಿದನು. ಇಸ್ರೇಲು, ಬ್ರಿಟನ್, ಫ್ರಾನ್ಸುಗಳು ದಂಡೆತ್ತಿ ಬಂದರೂ ಲೋಕದ ಒತ್ತಾಯಕ್ಕೆ ಮಣಿದು ಹಿಂದೆಗೆಯಬೇಕಾಯಿತು. ಆಗ ಶಾಂತಿಯನ್ನು ಕಾಯಲು ಬಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಇದ್ದು 1967 ರ ವರೆಗೆ ನಿಂತರು. 1882 ರ ಪಾಪಕ್ಕೆ ಸ್ವತಂತ್ರ ಭಾರತವು ಮಾಡಿದ ಪ್ರಾಯಶ್ಚಿತ್ತವೆಂದೇ ಅದನ್ನು ಹೇಳಬಹುದು.

ಇಷ್ಟಾದರೂ ಕಥೆಯು ಮಂಗಳಾರತಿಯಲ್ಲಿ ಮುಗಿಯಲಿಲ್ಲ. ನೆಲ ದೊರೆತ ಒಕ್ಕಲಿಗರುಂಟು. ಅವನ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. 1962 ರಿಂದ ವಿಶ್ವವಿದ್ಯಾಲಯದ ಶಿಕ್ಷಣಕ್ಕೂ ಶುಲ್ಕವಿಲ್ಲವಾಯಿತು. ಆದರೆ 1953 ರಲ್ಲಿಯೇ ರಾಜಕೀಯ ಪಕ್ಷಗಳು ರದ್ದಾಗಿದ್ದುವು. ಜನರ ಪರವಾಗಿ ಸಹಿ ಹಾಕುವ ಅಧಿಕಾರವು ಮತ್ತೆ ಕೆಲವರ ಕೈಸೇರಿತು. ಆಸ್ವಾನಿನ ಎತ್ತರದ ಅಣೆಕಟ್ಟು ದೇಶಕ್ಕೆ ನೀರನ್ನೂ ಬೆಳಕನ್ನೂ ಕೊಟ್ಟಿತು. ನ್ಯೂಬಿಯಾದ ಜನರಾದರೋ ತಮ್ಮ ಪುರಾತನ ಹಳ್ಳಿಗಳನ್ನು ನೀರಿಗೆ ಬಿಟ್ಟು ಹೊರಡಬೇಕಾಯಿತು. 2011 ರ ಜನವರಿ 25 ರಂದು ಜನರು ತಹರೀರ್ ಚೌಕದಲ್ಲಿ ನೆರೆದು, ಹದಿನೆಂಟು ದಿನಗಳಲ್ಲಿ ಮೂವತ್ತು ವರ್ಷದ ಆಳ್ವಿಕೆಯನ್ನು ಕೊನೆಗಾಣಿಸಿದರು. ಆದರೆ ಎರಡೂವರೆ ವರ್ಷಗಳೊಳಗೆ ಸೈನ್ಯವು ಮತ್ತೆ ಮುಂದೆ ಬಂದಿತು. 2016 ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 1,200 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಂದವಾಗಿ, ನಾಣ್ಯದ ಬೆಲೆಯು ಇಳಿದು, ಬಡವನ ಅಡಿಗೆಮನೆಗೆ ಅದರ ಬಿಸಿಯು ತಾಗಿತು.

ಪರಪ್ರಭುತ್ವವು ಈಜಿಪ್ಟಿನ ಜನವನ್ನು ಹಿಂಡಿತು. ಹಿಂಡಿದುದರಿಂದಲೇ ಪಟ್ಟಣಿಗನೂ ಹಳ್ಳಿಗನೂ, ಮುಸಲ್ಮಾನನೂ ಕಾಪ್ಟನೂ ತಾವು ಒಂದು ಜನವೆಂಬುದನ್ನು ಅರಿತರು. ಸ್ವಾತಂತ್ರ್ಯವು ಆ ಜನಕ್ಕೆ ನೆಲವನ್ನೂ ಕಾಲುವೆಯನ್ನೂ ಮಾನವನ್ನೂ ಮರಳಿಸಿತು. ಆದರೆ ಪರರು ಹೊರಟುಹೋದ ಮಾತ್ರದಿಂದ ಋಣವು ಹರಿಯುವುದಿಲ್ಲ. ಅಂದು ನೈಲ್ ತೀರದ ಹಳ್ಳಿಗರು ಒಂದು ಕಾಗದಕ್ಕೆ ತಾವೇ ಸಹಿ ಹಾಕಿದರಷ್ಟೆ. ದೇಶದ ಆಯವ್ಯಯದ ಪತ್ರಕ್ಕೂ ಅವರ ಸಹಿಯು ಬೇಕಾಗುವ ದಿನದಂದೇ ಆ ನಾಲ್ಕನೆಯ ಋಣವು ತೀರಿತೆಂದು ಹೇಳಬೇಕು.