ಡಬ್ಬದಲ್ಲಿ ಬರೋ ಕೋವಿ (ಹಳೇ ವಸ್ತು, ಹೊಸ ಪ್ರಶ್ನೆ: ಭಾಗ 6)

ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಮೇಪಲ್ ಮರದ ಉದ್ದನೆ ತುಂಡು, ಎಂಟು ಪಟ್ಟಿಯ ನಳಿಗೆ, ಅಂಗೈಯಲ್ಲಿ ಹಿಡಿಯೋಷ್ಟು ದೊಡ್ಡ ಲಾಕು, ಒರಟಾದ ಹಿತ್ತಾಳೆ ಚೂರುಗಳು, ಒಂದಿಷ್ಟು ಸ್ಕ್ರೂ. ಅಮೆರಿಕದಲ್ಲಿ ಇದನ್ನ ಕಿಟ್ ಅಂತ ಮಾರ್ತಾರೆ. ತಿಂಗಳುಗಟ್ಟಲೆ ಕೂತು ಕೆತ್ತಿ, ಉಜ್ಜಿ, ಬಣ್ಣ ಹಾಕಿದ್ರೆ 1770ರ ಸುಮಾರಿನ ಪೆನ್ಸಿಲ್ವೇನಿಯಾ ರೈಫಲ್ ಥರದ್ದೇ ಒಂದು ಕೋವಿ ರೆಡಿ. ಆದ್ರೆ ನೋಡಿದವರೆಲ್ಲ ಕೇಳೋದು ಒಂದೇ: "ಕಿಟ್ ತಾನೇ? ನೀನೇ ಮಾಡಿದ್ದು ಅಂತ ಹೇಗೆ ಹೇಳ್ತೀಯ?"

ಆ ಪ್ರಶ್ನೆಯನ್ನ 1770ರ ಕೋವಿ ಕಮ್ಮಾರನಿಗೇ ಕೇಳಿದ್ರೆ ಏನಾಗುತ್ತೆ ಅನ್ನೋದೇ ಇವತ್ತಿನ ಕಥೆ.

ಇದು ಬಾಯಿಯಿಂದ ಮದ್ದು ತುಂಬೋ ಕೋವಿ. ಮಲೆನಾಡು, ಕೊಡಗಿನ ಕಡೆಯವರಾಗಿದ್ರೆ "ಕೇಪಿನ ಕೋವಿ" ಅನ್ನೋ ಹೆಸರು ಕೇಳಿರ್ತೀರ. ಇದು ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಕೇಪಿಲ್ಲ, ಚಕಮಕಿ ಕಲ್ಲು ಉಕ್ಕಿನ ತಟ್ಟೆಗೆ ಉಜ್ಜಿ ಕಿಡಿ ಹಾರಬೇಕು, ಪಕ್ಕದ ಪುಟ್ಟ ಬಟ್ಟಲಲ್ಲಿರೋ ಮದ್ದು ಹೊತ್ಕೋಬೇಕು, ಆ ಬೆಂಕಿ ಸಣ್ಣ ತೂತಿನಿಂದ ನಳಿಗೆ ಒಳಗೆ ಹೋಗಬೇಕು. ನಳಿಗೆಯೊಳಗೆ ಸುರುಳಿ ಗೀರುಗಳಿದ್ರೆ ಅದು ರೈಫಲ್. ಗುಂಡು ತಿರುಗ್ತಾ ಹೊರಡುತ್ತೆ, ಹಾಗಾಗಿ ನೇರ ಹೋಗುತ್ತೆ.

18ನೇ ಶತಮಾನದಲ್ಲಿ ಜರ್ಮನ್ ಮಾತಾಡೋ ವಲಸಿಗರು ಪೆನ್ಸಿಲ್ವೇನಿಯಾಗೆ ಬಂದಾಗ ತಮ್ಮ "ಯೇಗರ್" ರೈಫಲ್ ಮಾಡೋ ವಿದ್ಯೆಯನ್ನೂ ತಂದ್ರು. ಅದು ಗಿಡ್ಡ, ದಪ್ಪ, ದೊಡ್ಡ ಗುಂಡಿನದು. ಲ್ಯಾಂಕಾಸ್ಟರ್ ಸುತ್ತಮುತ್ತ ಅದೇ ಕೋವಿ ನಿಧಾನಕ್ಕೆ ಉದ್ದ ಆಯ್ತು, ತೆಳ್ಳಗಾಯ್ತು. ನಳಿಗೆಯೊಂದೇ 42 ಇಂಚು, ಕೆಲವು ಇನ್ನೂ ಜಾಸ್ತಿ. ಗುಂಡು ಚಿಕ್ಕದಾಯ್ತು. ಒಂದು ಪೌಂಡ್ ಸೀಸದಲ್ಲಿ 0.60 ಇಂಚಿನ ಗುಂಡು ಸುಮಾರು 20 ಆದ್ರೆ, 0.45 ಇಂಚಿನದು ಸುಮಾರು 50 ಆಗುತ್ತೆ. ಅಂಗಡಿಯಿಂದ ವಾರಗಟ್ಟಲೆ ದೂರ ಕಾಡಲ್ಲಿರೋ ಬೇಟೆಗಾರನಿಗೆ ಇದು ಸಣ್ಣ ಲೆಕ್ಕ ಅಲ್ಲ. (ಈ ಕೋವಿಯನ್ನ ಬರೀ ಬಿಳಿಯರ ಹೀರೋ ಕಥೆ ಮಾಡ್ತಾರೆ. ಶಾನೀ, ಲೆನಾಪೆ ಜನರೂ ರೈಫಲ್ ಕೊಂಡು ಬಳಸ್ತಿದ್ರು. ಅವರ ನೆಲ ಹೋಗಿದ್ದರಲ್ಲೂ ಇದೇ ರೈಫಲ್‌ಗೆ ಪಾಲಿದೆ.)

ಈಗ ಪ್ರಶ್ನೆಗೆ ಬರೋಣ. ನಮ್ಮ ತಲೆಯಲ್ಲಿರೋ ಚಿತ್ರ ಏನು? ಕಾಡಂಚಿನ ಗುಡಿಸಲು, ಒಬ್ಬನೇ ಕಮ್ಮಾರ, ಕಬ್ಬಿಣದಿಂದ ಹಿಡಿದು ಕೊನೇ ಸ್ಕ್ರೂವರೆಗೂ ಅವನದೇ ಕೈ. ಅಂಥವರು ಇರಲಿಲ್ಲ ಅಂತಲ್ಲ. ಆದ್ರೆ ಉಳಿದಿರೋ ಕೋವಿಗಳನ್ನ ಬಿಚ್ಚಿ ನೋಡಿದ್ರೆ ಎಷ್ಟೋ ಲಾಕುಗಳು ಹಡಗಲ್ಲಿ ಬಂದವು. ಬರ್ಮಿಂಗ್‌ಹ್ಯಾಮ್‌ನ ಕೆಟ್‌ಲ್ಯಾಂಡ್ ಹೆಸರು ಅಮೆರಿಕದ ಹಳೇ ರೈಫಲ್‌ಗಳ ಮೇಲೆ ಮತ್ತೆ ಮತ್ತೆ ಸಿಗುತ್ತೆ. ನಳಿಗೆಗಳಿಗೂ ನೀರಿನ ಚಕ್ರದಿಂದ ಓಡೋ ಬೇರೆ ಮಿಲ್ಲುಗಳಿದ್ವು. ಅಂದ್ರೆ ನಳಿಗೆ ಕೊಂಡದ್ದು, ಲಾಕು ಕೊಂಡದ್ದು, ಮರ ಊರಿನದು. ಅದನ್ನೆಲ್ಲ ಒಂದು ಕೋವಿ ಮಾಡಿದ್ದು ಮೇಷ್ಟ್ರು ಮತ್ತು ಅವರ ಹತ್ತಿರ ವರ್ಷಗಟ್ಟಲೆ ಕೆಲಸ ಕಲಿತಿದ್ದ ಹುಡುಗರು. ಹೆಸರು ಮಾತ್ರ ಮೇಷ್ಟ್ರದು. ಇದು ಕಿಟ್ ಅಲ್ಲದೆ ಮತ್ತೇನು ಹೇಳಿ!

ಎಲ್ಲವನ್ನೂ ಒಬ್ಬನೇ ಮಾಡಿದ ಪ್ರಸಿದ್ಧ ಉದಾಹರಣೆ ನಿಜಕ್ಕೂ 20ನೇ ಶತಮಾನದ್ದು. ವರ್ಜೀನಿಯಾದ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಹಳೇ ಕಾಲದ ಉಪಕರಣಗಳಲ್ಲೇ ಪೂರ್ತಿ ರೈಫಲ್ ಮಾಡಿದ್ರು. ಕಬ್ಬಿಣದ ಪಟ್ಟಿ ಕಾಯಿಸಿ, ಸರಳಿನ ಸುತ್ತ ಮಡಚಿ, ಸ್ವಲ್ಪ ಸ್ವಲ್ಪವೇ ಬಡಿದು ಬೆಸೆದು ನಳಿಗೆ ಮಾಡೋದು 1969ರ ಸಿನಿಮಾದಲ್ಲಿದೆ. ಮರೆತೇ ಹೋಗ್ತಿದ್ದ ವಿದ್ಯೆ ಅದು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಿಟ್‌ಗಳ ಕಾಲವೂ ಬಂತು. ಅಮೆರಿಕದ 1968ರ ಬಂದೂಕು ಕಾಯ್ದೆ ಆಧುನಿಕ ಬಂದೂಕುಗಳನ್ನ ಅಂಚೆಯಲ್ಲಿ ತರಿಸೋದಕ್ಕೆ ಕಡಿವಾಣ ಹಾಕ್ತು, ಚಕಮಕಿ ಕೋವಿಯಂಥ ಹಳೇ ಮಾದರಿಗಳನ್ನ ಮಾತ್ರ ಹೊರಗಿಟ್ಟಿತು. 1970ರಲ್ಲಿ ಥಾಮ್ಸನ್ ಸೆಂಟರ್ ಕಂಪನಿಯ ಹಾಕನ್ ಬಂತು, 1976ರಲ್ಲಿ ದೇಶಕ್ಕೆ 200 ವರ್ಷದ ಸಂಭ್ರಮ. ಅಡುಗೆಮನೆ ಟೇಬಲ್ ಮೇಲೆ ಕೋವಿ ಕಟ್ಟೋ ಹುಚ್ಚು ಹಿಡಿಯೋಕೆ ಇಷ್ಟು ಸಾಕಿತ್ತು. (ನಮ್ಮಲ್ಲಿ ಹಾಗಲ್ಲ ಮಾರಾಯ್ರೇ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ತಯಾರಿಸೋಕೂ ಲೈಸೆನ್ಸ್ ಬೇಕು. ಓದಿ ಖುಷಿಪಡಿ, ಅಷ್ಟೇ.)

ಹಾಗಾದ್ರೆ ಕಿಟ್ ತಂದವನಿಗೆ ಉಳಿಯೋ ಕೆಲಸ ಏನು? ಐದನೇ ಫೋಟೋ ನೋಡಿ, ಲಾಕಿನ ತುಂಬ ಮಸಿ. ದೀಪದ ಹೊಗೆಗೆ ಹಿಡಿದು ಮಸಿ ಮಾಡ್ತಾರೆ, ಮರದ ಗುಂಡಿಯೊಳಗೆ ಒತ್ತಿ ತೆಗೀತಾರೆ. ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮರ ತಾಗ್ತಿದೆ ಅಂತ ಅರ್ಥ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಕೆರೀಬೇಕು. ಮತ್ತೆ ಮಸಿ, ಮತ್ತೆ ಒತ್ತು. ಹೀಗೆ ನೂರಾರು ಸಲ. ಅವಸರ ಮಾಡಿ ಒಂದು ಚೂರು ಜಾಸ್ತಿ ತೆಗೆದ್ರೆ ಆ ಸಂದು ಆಯುಷ್ಯಪೂರ್ತಿ ಕಾಣುತ್ತೆ.

ಆಮೇಲೆ ಮರದ ಮೈ. ಹಳಬರು ಚೂಪಾದ ಲೋಹದ ತಗಡಿನಿಂದ ಕೆರೆದು ನುಣುಪು ಮಾಡ್ತಿದ್ರು. ಬರೀ ಸ್ಯಾಂಡ್‌ಪೇಪರ್ ಉಜ್ಜಿದ್ರೆ ಅಂಚುಗಳೆಲ್ಲ ಸೋಪಿನ ಥರ ಉರುಟಾಗಿಬಿಡುತ್ತೆ. ಕಿಟ್ ಕೋವಿಯ ಗುಟ್ಟು ರಟ್ಟಾಗೋದೇ ಅಲ್ಲಿ. ನುಣುಪಾದ ಮೇಲೆ ಮರ ಒದ್ದೆ ಮಾಡ್ತಾರೆ, ಎಳೆಗಳು ಏಳ್ತವೆ, ಒಣಗಿದ ಮೇಲೆ ಅವನ್ನ ತೆಗೀತಾರೆ. ಕೊನೆಗೆ ಬಣ್ಣ: ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ. ಹಚ್ಚಿದಾಗ ಮರಕ್ಕೆ ಕಾಮಾಲೆ ಬಂದ ಹಾಗಿರುತ್ತೆ, ಹಸಿರು ಹಳದಿ. ಬಿಸಿ ತಾಗಿಸಿದ್ರೆ ಕಣ್ಣೆದುರೇ ಕೆಂಗಂದು! ಮೇಪಲ್‌ನ ಅಲೆ ಅಲೆ ಪಟ್ಟೆಗಳು ಆಗಲೇ ಎದ್ದು ಬರೋದು, ಎಳೆ ಮೇಲ್ಮುಖವಾಗಿರೋ ಕಡೆ ಮರ ಬಣ್ಣ ಜಾಸ್ತಿ ಕುಡಿಯುತ್ತಲ್ಲ, ಅದಕ್ಕೆ. ಮೇಲೆ ಅಗಸೆ ಎಣ್ಣೆ. ನಳಿಗೆಗೆ ಬೇಕಂತಲೇ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ ಕಂದು ಬಣ್ಣ ತರ್ತಾರೆ.

ಈಗ ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯೋ ಮೆಷಿನ್ ಬಂದಿದೆ. ಒಹಾಯೋದ ಕಿಬ್ಲರ್ ಕಂಪನಿಯ ಕಿಟ್‌ಗಳಲ್ಲಿ ಲಾಕು ಹೆಚ್ಚುಕಮ್ಮಿ ತಾನಾಗೇ ಕೂರುತ್ತೆ. ಮಸಿ ಕೆಲಸ ಬಹುತೇಕ ಹೋಯ್ತು. ನನಗೆ ಇಲ್ಲೊಂದು ತಕರಾರಿದೆ. 1770ರ ಹುಡುಗ ಕಲಿತಿದ್ದೇ ಆ ಕೂರಿಸೋ ಕೆಲಸವನ್ನ. ನಳಿಗೆ ಕೊಂಡು ತಂದ್ರೂ ನಡೀತಿತ್ತು, ಇದನ್ನ ಯಾರೂ ಅವನಿಗೆ ಮಾರ್ತಿರಲಿಲ್ಲ. ಆದ್ರೂ ಆ ಕಿಟ್‌ನಲ್ಲಿ ಕೆತ್ತನೆ, ಬಣ್ಣ ಎರಡೂ ಕೊಂಡವನ ಕೈಗೇ ಬಿಟ್ಟಿರ್ತಾರೆ.

ಇನ್ನೊಂದು ಗಂಭೀರ ವಿಷಯ. ಚೆನ್ನಾಗಿ ಮುಗಿಸಿದ ಹೊಸ ಕೋವಿಗೆ ಸ್ವಲ್ಪ ಗೀರು, ಕೊಳೆ, ತುಕ್ಕು ಸೇರಿಸಿದ್ರೆ 250 ವರ್ಷ ಹಳೇದು ಅಂತ ಮಾರೋಕೆ ಸಾಧ್ಯ. ಅದಕ್ಕೇ ನಿಯತ್ತಿನ ಕೆಲಸಗಾರರು ನಳಿಗೆ ಮೇಲೆ ತಮ್ಮ ಹೆಸರು, ಇಸವಿ ಕೆತ್ತುತ್ತಾರೆ. ಕೊನೇ ಫೋಟೋದಲ್ಲಿ ಅದೇ ಇದೆ, ಜೂಮ್ ಮಾಡಿ.

ಭಾಗ 7: ಕೇಪು ಬಂದ ಮೇಲೆ ಚಕಮಕಿ ಕಲ್ಲಿನ ಗತಿ ಏನಾಯ್ತು?