ಹಳೆಯ ಬಟ್ಟೆ ಎಲ್ಲಿಗೆ ಹೋಗುತ್ತಿತ್ತು?

ಕಳೆದ ದೀಪಾವಳಿಯ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಾನವಿಯಲ್ಲಿ ಹತ್ತನೆಯ ತರಗತಿಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತು ಇತಿಹಾಸದ ಇಸವಿಗಳನ್ನೆಲ್ಲ ಅದಲುಬದಲು ಮಾಡಿ ಬರೆಯುತ್ತಿದ್ದ ಹುಡುಗ. ಈಗ ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಹೆಸರು ಬರೆದರೆ ನಾಚಿಕೊಳ್ಳುತ್ತಾನೆ, ಸಹಪಾಠಿಗಳು ಊಹಿಸಿಕೊಳ್ಳಲಿ. ಮಾತಿನ ನಡುವೆ ಹೇಳಿದ: "ಸರ್, ಯುರೋಪಿನಾಗ 2025ರ ಜನವರಿಯಿಂದ ಹಳೇ ಬಟ್ಟಿ ಬ್ಯಾರೆ ಕೂಡಿಸೋ ವ್ಯವಸ್ಥಾ ಇರಬೇಕು ಅಂತ ಕಾನೂನು ಬಂದದ. ನಮ್ಮವರೂ ಹಳೇ ಬಟ್ಟಿಯಿಂದ ತೆಗೆದ ನೂಲು ತರಿಸಾಕ ಹತ್ಯಾರ. ಆದ್ರ ಹತ್ತಿ, ಪಾಲಿಯೆಸ್ಟರ್ ಎರಡೂ ಕೂಡಿದ ಬಟ್ಟಿ ಬಂತಂದ್ರ ಬಿಡಿಸೋದು ಭಾಳ ಕಷ್ಟ ಅದ ಸರ್."

ನಾನು ಒಳಗೆ ಹೋಗಿ ನಮ್ಮ ಅವ್ವ ಹೊಲಿದ ಕೌದಿಯನ್ನು ತಂದು ಅವನ ಮುಂದಿಟ್ಟೆ. ಅವನ ಕಾರ್ಖಾನೆಯವರ ತೊಂದರೆಯನ್ನು ಅವ್ವ ನಲವತ್ತು ವರ್ಷಗಳ ಹಿಂದೆಯೇ ಬಲ್ಲಳು. ಆ ಸಂಜೆ ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮೂರು ಚೀಕಲಪರ್ವಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳಿ. ಹೊರಗಿನವರಿಗೆ ಅದು ವಿಜಯದಾಸರ (1682–1755) ಜನ್ಮಸ್ಥಳವೆಂದು ಪರಿಚಿತ. ನನ್ನ ಬಾಲ್ಯದ ಕಿವಿಗೆ ಮಾತ್ರ ಅದು ಹೊಳೆಯ ಬಂಡೆಗಳ ಮೇಲೆ ಬಟ್ಟೆ ಒಗೆಯುವ ಸದ್ದಿನ ಊರು. 1960ರ ದಶಕದಲ್ಲಿ ನಮ್ಮಂಥ ಮನೆಗಳಲ್ಲಿ ಮೈಮೇಲೊಂದು, ಗೂಟದ ಮೇಲೊಂದು ಎನ್ನುವಷ್ಟೇ ಅರಿವೆಗಳಿರುತ್ತಿದ್ದವು. ಅಪ್ಪನ ಧೋತರ ಮೊದಲು ನಡುವಿನಲ್ಲಿ ಜೀರ್ಣವಾಗುತ್ತಿತ್ತು. ಆಗ ಅವ್ವ ಅದನ್ನು ಎರಡಾಗಿ ಸೀಳಿ, ಗಟ್ಟಿಯಾಗಿದ್ದ ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಿದ್ದಳು. ಧೋತರಕ್ಕೆ ಮತ್ತೊಂದು ವರ್ಷ ಆಯುಷ್ಯ. ಆಮೇಲೆ ಅದು ಮೈ ಒರೆಸುವ ವಸ್ತ್ರವಾಗುತ್ತಿತ್ತು, ರೊಟ್ಟಿ ಸುತ್ತಿಡುವ ಬಟ್ಟೆಯಾಗುತ್ತಿತ್ತು. ಮನೆಯಲ್ಲಿ ಬಾಣಂತಿಯಿದ್ದರೆ ಕೂಸಿಗೆ ಸುತ್ತುವ ಮೆತ್ತನೆಯ ಬಟ್ಟೆಯೂ ಅದೇ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದೆಂಬ ರೂಢಿಯ ಹಿಂದೆ ಶಾಸ್ತ್ರವೆಷ್ಟಿತ್ತೋ, ನೂರು ಸಲ ಒಗೆದ ಹತ್ತಿಯ ಮೃದುತ್ವದ ತಿಳಿವಳಿಕೆಯೂ ಅಷ್ಟೇ ಇತ್ತೆಂದು ನನ್ನ ಊಹೆ. ಕಡೆಗೆ ಉಳಿದ ಚಿಂದಿ ಒಲೆ ಒರೆಸುವ ಅರಿವೆಯಾಗಿ, ಕಂದೀಲಿನ ಗಾಜು ತಿಕ್ಕುವ ತುಂಡಾಗಿ, ತಿಪ್ಪೆಗೆ ಬಿದ್ದು ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತಿತ್ತು.

ಈ ದಾರಿಯ ನಡುವಿನ ದೊಡ್ಡ ನಿಲ್ದಾಣ ಕೌದಿ. ಸುಗ್ಗಿ ಮುಗಿದು ಮಳೆ ಬರುವ ಮುಂಚಿನ ಬೇಸಿಗೆಯಲ್ಲಿ ಹಳೆಯ ಸೀರೆ, ಧೋತರಗಳ ಗಂಟು ಬಿಚ್ಚುತ್ತಿದ್ದರು. ಪಡಸಾಲೆಯಲ್ಲಿ ಒಂದು ಸೀರೆಯನ್ನು ಹಾಸಿ, ಅದರ ಮೇಲೆ ನಾಲ್ಕೈದು ಪದರು ಹರಕು ಬಟ್ಟೆಗಳನ್ನು ಹೊಂದಿಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಬರುವುದು. ಅವ್ವ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಹೋಳಿಗೆಯ ಚೂರೊಂದನ್ನು ಒಳಗಿಡುತ್ತಿದ್ದಳು, ಕೌದಿ ಹಸಿದಿರಬಾರದಂತೆ. ಕೈಸಾಗದ ಮನೆಗಳಿಗೆ ಊರೂರು ತಿರುಗುವ ಹೆಣ್ಣುಮಕ್ಕಳು ಬಂದು ಹೊಲಿದುಕೊಡುತ್ತಿದ್ದರು. ವಾರಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದದ್ದಕ್ಕೆ ಅವರಿಗೆ ಸಿಗುತ್ತಿದ್ದುದು ಒಂದಿಷ್ಟು ಜೋಳ, ಒಂದು ಹಳೆಯ ಸೀರೆ. ಇಂದು ಇದೇ ಕೌದಿಯನ್ನು ಪಟ್ಟಣದ ಅಂಗಡಿಗಳಲ್ಲಿ ಕಲಾಕೃತಿಯೆಂದು ತೂಗುಹಾಕಿದ್ದನ್ನು ಕಂಡಾಗ ನನಗೆ ಮೊದಲು ನೆನಪಾಗುವುದು ಆ ಜೋಳದ ಮೊರ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಿಗೆ ಈಗ ದೂರದ ಊರುಗಳಲ್ಲೂ ಬೆಲೆ ಬಂದಿದೆ. ಸಂತೋಷದ ಮಾತು, ಆದರೆ ತಡವಾಗಿ ಬಂದದ್ದು.

ಇನ್ನೊಬ್ಬರನ್ನು ಮರೆಯುವಂತಿಲ್ಲ, ಪಿಂಜಾರರನ್ನು. ನದಾಫರೆಂದೂ ಕರೆಯುತ್ತೇವೆ. ಗಾದಿಯ ಹತ್ತಿ ಗಂಟುಕಟ್ಟಿ ಕಲ್ಲಾದಾಗ ಆಳೆತ್ತರದ ಬಿಲ್ಲನ್ನು ಹೊತ್ತು ಬಂದು, ಅದರ ನರದ ಹುರಿಯನ್ನು ಮರದ ಗುಂಡಿನಿಂದ ಮೀಟಿ, ಹಳೆಯ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದರು. ಆ ಟಂಯ್ ಟಂಯ್ ನಾದಕ್ಕೆ ನಾವು ಹುಡುಗರು ಶಾಲೆ ಬಿಟ್ಟು ಓಡಿಹೋದದ್ದುಂಟು. ನನ್ನ ವಿದ್ಯಾರ್ಥಿ ಹೇಳಿದ 'ಹಳೆ ಬಟ್ಟೆಯ ನೂಲಿ'ನ ಕಾರ್ಖಾನೆಗಳಲ್ಲಿ ನಡೆಯುವುದೂ ಮೂಲದಲ್ಲಿ ಇದೇ ಕೆಲಸ: ಮುಳ್ಳಿನ ಉರುಳೆಗಳ ನಡುವೆ ಬಟ್ಟೆಯನ್ನು ಹರಿದು ಮತ್ತೆ ಎಳೆ ಮಾಡುವುದು. ಒಂದು ವ್ಯತ್ಯಾಸವಿದೆ. ಪಿಂಜಾರನ ಕೈಯಲ್ಲಿದ್ದದ್ದು ಬಿಡಿ ಹತ್ತಿ, ಬಿಲ್ಲಿನ ಪೆಟ್ಟಿಗೆ ಅದರ ಎಳೆ ಹೆಚ್ಚು ತುಂಡಾಗುತ್ತಿರಲಿಲ್ಲ. ನೇಯ್ದ ಬಟ್ಟೆಯನ್ನು ಯಂತ್ರ ಹರಿದಾಗ ಎಳೆ ಗಿಡ್ಡವಾಗುತ್ತದೆ. ಗಿಡ್ಡ ಎಳೆಯಿಂದಲೇ ಗಟ್ಟಿ ನೂಲು ಬಾರದು. ಹೊಸ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಬೆರೆಸಬೇಕಾಗುತ್ತದೆ.

ಈ ವಿದ್ಯೆಗೆ ಯಂತ್ರ ತಂದವರು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯವರು. ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ ಎಂಬಾತ 1813ರಲ್ಲಿ ಹಳೆಯ ಉಣ್ಣೆಯ ಚಿಂದಿಗಳನ್ನು ಹಿಂಜಿ ಹೊಸ ಉಣ್ಣೆಯೊಡನೆ ಬೆರೆಸಿ ಬಟ್ಟೆ ಮಾಡಿದ. ಅದನ್ನು 'ಶಾಡಿ' ಎಂದರು. ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ ಸೈನಿಕರಿಗೆ ಕೊಟ್ಟ ಶಾಡಿ ಸಮವಸ್ತ್ರಗಳು ಬೇಗನೆ ಚಿಂದಿಯಾದ್ದರಿಂದ ಇಂಗ್ಲಿಷಿನಲ್ಲಿ ಆ ಪದಕ್ಕೆ ಕಳಪೆಯೆಂಬ ಅರ್ಥ ಅಂಟಿಕೊಂಡಿತು. ಈಗ ಆ ಉದ್ಯಮದ ದೊಡ್ಡ ನೆಲೆ ನಮ್ಮದೇ ದೇಶದ ಪಾಣಿಪತ್ತು. ಮೂರು ಯುದ್ಧಗಳ ಇಸವಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ ನಾನು ಈ ವಿಷಯವನ್ನು ಮಾತ್ರ ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ. ಪರದೇಶದವರು ಬಿಟ್ಟ ಉಣ್ಣೆಯ ಕೋಟುಗಳು ಅಲ್ಲಿಗೆ ಬಂದು ಕಂಬಳಿಗಳಾಗುತ್ತವೆ. ನೆರೆ, ಭೂಕಂಪಗಳಾದಾಗ ಹಂಚುವ ಅಗ್ಗದ ಕಂಬಳಿಗಳಲ್ಲಿ ಅಲ್ಲಿನವು ಬಹಳ.

ನಮ್ಮಲ್ಲಿ ಅರಿವೆಗೆ ಅಷ್ಟು ಬೆಲೆ ಏಕಿತ್ತು? ನಮ್ಮ ಹಿರಿಯರು ಪರಿಸರಪ್ರೇಮಿಗಳೆಂದು ಈಗ ಭಾಷಣ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಟ್ಟೆ ದುಬಾರಿಯಾಗಿತ್ತು, ಕೈ ಬರಿದಾಗಿತ್ತು, ಅಷ್ಟೇ. ಅರಿವೆ ಕಡಿಮೆಯಿದ್ದ ನಮ್ಮ ಸೀಮೆಯಲ್ಲಿ ಹತ್ತಿಗೇನೂ ಬರವಿರಲಿಲ್ಲ ಎಂಬುದೇ ವಿಚಿತ್ರ. ಕಪ್ಪು ಮಣ್ಣಿನ ಈ ರಾಯಚೂರು ದೋಆಬನ್ನು 1853ರಲ್ಲಿ ಇಂಗ್ಲಿಷರು ನಿಜಾಮನಿಂದ ಸಾಲದ ಬಾಬತ್ತಿಗೆ ಪಡೆದು 1860ರಲ್ಲಿ ಹಿಂದಿರುಗಿಸಿದರು. 1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದರಾಸಿನ ಕಡೆಯ ರೈಲು ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಮುಂದೆ ಅರಳೆ ಬಂದರಿಗೆ ಹೋಗುವುದೂ ಗಿರಣಿಯ ಬಟ್ಟೆ ಒಳಗೆ ಬರುವುದೂ ಒಂದೇ ಹಳಿಯ ಮೇಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆ ರೇಷನ್ನಿಗೆ ಬಂದದ್ದನ್ನು, ಒಂದೇ ಒಳ್ಳೆಯ ಸೀರೆಯನ್ನು ಓರಗಿತ್ತಿಯರಿಬ್ಬರು ಸರದಿಯ ಮೇಲೆ ಉಟ್ಟು ಮದುವೆಗಳಿಗೆ ಹೋದದ್ದನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಕೌದಿಯ ಹಿಂದಿದ್ದದ್ದು ಇಂಥ ಬಡತನ. ನಾನು ಕಾಲೇಜು ಸೇರಿ ಹಾಸ್ಟೆಲಿಗೆ ಹೋದಾಗ ಅವ್ವ ಕೊಟ್ಟ ಕೌದಿಯನ್ನು ಚೀಲದಿಂದ ಹೊರಗೆ ತೆಗೆಯಲು ನಾಚಿ, ಒಂದು ಚಳಿಗಾಲವನ್ನು ತೆಳುವಾದ ಚಾದರಿನಲ್ಲೇ ಕಳೆದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಟೆರಿಲಿನ್ ಬಂದಿತ್ತು. ಇದನ್ನು 1941ರಲ್ಲಿ ಕಂಡುಹಿಡಿದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಮ್ಯಾಂಚೆಸ್ಟರಿನ ಹತ್ತಿಬಟ್ಟೆಗೆ ಅಚ್ಚು ಹಾಕುವ ಸಂಸ್ಥೆಯೊಂದರ ನೌಕರರಾಗಿದ್ದರೆಂಬುದು ಚರಿತ್ರೆಯ ಒಂದು ವಿನೋದ. 1970ರ ದಶಕದಲ್ಲಿ ಟೆರಿಕಾಟ್ ಅಂಗಿ ನಮ್ಮ ಹಳ್ಳಿಯ ಮದುವಣಿಗರ ಮೈಯೇರಿತು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಬಣ್ಣ ಮಾಸದು, ಹತ್ತು ವರ್ಷ ಹರಿಯದು. ಹೊಳೆಯಲ್ಲಿ ತೊಯ್ದ ಸೀರೆಗಳ ಭಾರ ಎತ್ತುತ್ತಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಬಿಡುಗಡೆಯೆಂಬುದನ್ನು ಅದನ್ನು ಬೈಯುವವರು ಯೋಚಿಸಬೇಕು. ಬಿ.ಎಡ್. ಮುಗಿಸಿ ನೌಕರಿ ಸೇರಿದ ನಾನು 1983ರಲ್ಲಿ ಮೊದಲ ಸಂಬಳದಿಂದ ಅವ್ವನಿಗೆ ತಂದದ್ದೂ ಒಂದು ಪಾಲಿಯೆಸ್ಟರ್ ಸೀರೆಯನ್ನೇ. ತಿಳಿನೀಲಿ, ಸಣ್ಣ ಬಿಳಿ ಹೂಗಳು. ಅವ್ವ ಅದನ್ನು ಇಪ್ಪತ್ತು ವರ್ಷ ಉಟ್ಟಳು.

ಆದರೆ ಕೌದಿಯ ಗಂಟಿಗೆ ಸೇರಿಸುವ ಮುಂಚೆ ಅವ್ವ ಪ್ರತಿ ಬಟ್ಟೆಯಿಂದಲೂ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯುವುದನ್ನು ಕಲಿತಿದ್ದಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಮತ್ತೊಂದು ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಕರಿ ಗುಂಡಾಗುತ್ತದೆ. ಅಂಥದನ್ನು ಪಕ್ಕಕ್ಕಿಡುತ್ತಿದ್ದಳು. ಪದರಿನೊಳಗೆ ಜಾರುತ್ತದೆ, ಬೆವರು ಹೀರದು, ಕಿಡಿ ಬಿದ್ದರೆ ಮೈಗೆ ಅಂಟಿಕೊಳ್ಳುತ್ತದೆ. ಬತ್ತಿ ಮಾಡಿದರೆ ಎಣ್ಣೆ ಕುಡಿಯದು. ತನ್ನ ಕೊನೆಯ ಕೌದಿಯನ್ನು ಹೊಲಿಯುವಾಗ ಎಲ್ಲರ ಬಟ್ಟೆಗಳೂ ಅದರಲ್ಲಿ ಸೇರಿದವು, ನಾನು ತಂದ ಸೀರೆಯೊಂದನ್ನು ಬಿಟ್ಟು. ನನಗೆ ಸ್ವಲ್ಪ ಬೇಸರವಾಗಿ ಕೇಳಿಯೇಬಿಟ್ಟೆ. "ಅದು ಹರಿಯಂಗಿಲ್ಲಪಾ ತಮ್ಮಾ. ಹರೀಲಾರದ್ದು ಕೌದಿಗೆ ಬರಂಗಿಲ್ಲ" ಎಂದಳು.

ನನ್ನ ವಿದ್ಯಾರ್ಥಿಯ ಉದ್ಯಮ ಇಂದು ನಿಂತಿರುವುದು ಈ ಮಾತಿನ ಮುಂದೆಯೇ. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಯಾವ ನೂಲಿನವೆಂದು ಗೊತ್ತಿರುವುದರಿಂದ ಅವುಗಳ ಮರುಬಳಕೆ ಸುಲಭವಂತೆ. ಜನ ಉಟ್ಟು ಬಿಟ್ಟ ಬಟ್ಟೆಯದೇ ಕಷ್ಟ. ಉಡುಪಿಗೆ ಬಳಸಿದ ವಸ್ತುವಿನಲ್ಲಿ ನೂರಕ್ಕೆ ಒಂದು ಪಾಲೂ ಮತ್ತೆ ಉಡುಪಾಗುವುದಿಲ್ಲವೆಂದು ಎಲೆನ್ ಮ್ಯಾಕ್ಆರ್ಥರ್ ಪ್ರತಿಷ್ಠಾನ 2017ರಲ್ಲಿ ಅಂದಾಜು ಮಾಡಿತ್ತು. ಅದೇ ವರ್ಷ ಹಾಂಗ್‌ಕಾಂಗಿನ ಸಂಶೋಧಕರು ಬಿಸಿನೀರು, ಒತ್ತಡ ಮತ್ತು ಸೌಮ್ಯ ಆಮ್ಲದಿಂದ ಬೆರಕೆ ಬಟ್ಟೆಯ ಹತ್ತಿಯನ್ನು ಪುಡಿಯಾಗಿಸಿ, ಪಾಲಿಯೆಸ್ಟರ್ ಎಳೆಯನ್ನು ಹಾಗೆಯೇ ಉಳಿಸಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಸ್ವೀಡನ್ನಿನ ರಿನ್ಯೂಸೆಲ್ ಕಂಪನಿ ಹಳೆಯ ಕಾಗದದ ಗಿರಣಿಯೊಂದರಲ್ಲಿ ಹತ್ತಿಬಟ್ಟೆಯನ್ನು ತಿರುಳಾಗಿಸಿ ರೇಯಾನಿಗೆ ಒದಗಿಸುವ ಕಾರ್ಖಾನೆಯನ್ನು 2022ರಲ್ಲಿ ತೆರೆಯಿತು. ಅದಕ್ಕೂ ಬೇಕಾದದ್ದು ಬಹುಪಾಲು ಹತ್ತಿಯೇ ಇರುವ ಬಟ್ಟೆ. ಕೊಳ್ಳುವವರು ಸಾಲದೆ 2024ರ ಫೆಬ್ರುವರಿಯಲ್ಲಿ ಅದು ದಿವಾಳಿಯೆದ್ದು, ಅದೇ ವರ್ಷ ಬೇರೆ ಒಡೆಯರ ಕೈಗೆ ಹೋಯಿತು. ವಿದ್ಯೆ ಸೋಲಲಿಲ್ಲ, ಹೊಸ ನೂಲು ಅಗ್ಗವಾಗಿತ್ತು.

ಆ ಸಂಜೆ ಇಲಿ ಕಡಿದಿದ್ದ ಮೂಲೆಯಿಂದ ಕೌದಿಯ ಪದರುಗಳನ್ನು ಎತ್ತಿ ತೋರಿಸಿದೆ. 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿ ನೆಲದ ಸ್ತರಗಳನ್ನು ಓದಿದ್ದನ್ನು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಹಾಗೆಯೇ. ಮೇಲೆ ನನ್ನ ತಂಗಿಯ ಲಂಗದ ಛೀಟು, ಕೆಳಗೆ ಅಪ್ಪನ ಧೋತರ, ಅದರ ಕೆಳಗೆ ನನ್ನ ಶಾಲೆಯ ಖಾಕಿ ಚಡ್ಡಿ, ಎಲ್ಲಕ್ಕಿಂತ ಅಡಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಮೈ, ಬಣ್ಣವೇ ಉಳಿದಿರಲಿಲ್ಲ. ಹುಡುಗ ಆರು ಪದರು ಎಣಿಸಿದ. ಆಮೇಲೆ ಟ್ರಂಕಿನಲ್ಲಿದ್ದ ನೀಲಿ ಸೀರೆಯನ್ನು ನೋಡಿ, "ಸರ್, ಇದನ್ನ ಕೊಡ್ರಿ, ನಮ್ಮಲ್ಲಿ ತೋರಸ್ತೀನಿ. ನಲವತ್ತು ವರ್ಷ ಆದ್ರೂ ಒಂದೆಳಿ ಹೋಗಿಲ್ಲ" ಎಂದ. ಕೌದಿ ಬೇಕಾದರೆ ಒಯ್ಯಿ, ತೋರಿಸಿ ತಂದುಕೊಡು ಎಂದೆ. ಒಯ್ದಿದ್ದಾನೆ. ಸೀರೆಯನ್ನು ಮಡಿಚಿ ಮತ್ತೆ ಟ್ರಂಕಿನಲ್ಲಿಟ್ಟೆ.

ನಿಮ್ಮ ಮನೆಗಳಲ್ಲಿ ಅಜ್ಜಿಯರು ಹೊಲಿದ ಕೌದಿಗಳಿದ್ದರೆ ಒಂದು ಮೂಲೆಯನ್ನು ಬಿಚ್ಚಿ ನೋಡಿ, ಯಾರ ಯಾರ ಬಟ್ಟೆಗಳಿವೆಯೆಂದು ನನಗೆ ಬರೆಯಿರಿ.